ಹೊಗಳಿಕೆ ಓದುಗರದು, ಲೆಕ್ಕ ಮಾಲೀಕರದು

ಚಿತ್ರಕಥೆಯ ಕಲಾವಿದ ಮನೆಯಲ್ಲೇ ಕುಳಿತು ಹೊರದೇಶದ ಕಂಪನಿಗೆ ದುಡಿದರೆ ಅವನ ಮಾನ ಹೆಚ್ಚುತ್ತದೆಂದು ಪ್ರಕಾಶಕರು ಸಾರುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ.

ಫಿಲಿಪೈನ್ಸಿನ ಸಂಗತಿ ನೋಡಿ. ಆಲ್ಫ್ರೆಡೋ ಆಲ್ಕಾಲಾ ಎಂಬ ಕಲಾವಿದನಿಗೆ ತನ್ನ ನಾಡಿನಲ್ಲಿ ಎಷ್ಟು ಹೆಸರಿತ್ತೆಂದರೆ, 1963ರಲ್ಲಿ ಅವನ ಹೆಸರನ್ನೇ ಹೊತ್ತ ಚಿತ್ರಕಥಾ ಪತ್ರಿಕೆ ಹೊರಟಿತ್ತು. 1971ರಲ್ಲಿ ಅಮೆರಿಕದ ಡಿ.ಸಿ. ಕಂಪನಿಯವರು ಕಲಾವಿದರನ್ನು ಹುಡುಕಿಕೊಂಡು ಮನಿಲಾಕ್ಕೆ ಬಂದರು. ಆಲ್ಕಾಲಾ, ನೆಸ್ಟರ್ ರೆಡೊಂಡೊ ಮೊದಲಾದವರ ಪುಟಗಳು ನ್ಯೂಯಾರ್ಕಿಗೆ ಹೋಗತೊಡಗಿದವು. ಓದುಗರು ಬೆರಗಾದರು. ಆದರೆ ಪುಟಕ್ಕೆ ಸಿಕ್ಕ ಕೂಲಿ ಅಮೆರಿಕದ ಕಲಾವಿದನದಕ್ಕಿಂತ ಕಡಿಮೆ. ನಾಡಿನ ಹೆಮ್ಮೆಯ ಕಲಾವಿದ ಕಂಪನಿಯ ಲೆಕ್ಕದಲ್ಲಿ ಅಗ್ಗದ ಕೂಲಿಯಾದ!

ಇಂದು ಪುಟ ಇಂಟರ್ನೆಟ್ಟಿನಲ್ಲಿ ಕ್ಷಣಮಾತ್ರದಲ್ಲಿ ಹೋಗುತ್ತದೆ. ದರ ಹೆಚ್ಚಿಸಿ ಎಂದವನಿಗೆ ಉತ್ತರ ಒಂದೇ: ಇನ್ನೂ ಅಗ್ಗಕ್ಕೆ ಬರೆಯುವವನು ಬೇರೆ ಊರಲ್ಲಿದ್ದಾನೆ. ಜೊತೆಗೆ ದುಡಿಯುವವನ ಮುಖವನ್ನೇ ಕಾಣದವನು ಯಾರೊಡನೆ ಕೂಡಿ ಮುಷ್ಕರ ಹೂಡಬೇಕು?

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ಇದು ನಮಗೆ ಹೊಸದಲ್ಲ. ಮನೆಯಲ್ಲಿ ಬೀಡಿ ಸುತ್ತುವ ತಾಯಂದಿರಿಗೂ ಸಾವಿರದ ಲೆಕ್ಕದಲ್ಲೇ ಕೂಲಿ. ಅವರೂ ಕಾರ್ಮಿಕರೇ ಎಂದು 1966ರ ಬೀಡಿ ಕಾಯಿದೆ ಒಪ್ಪಿತು. ಆ ನ್ಯಾಯ ಕುಂಚ ಹಿಡಿದವರಿಗೇಕೆ ಬೇಡ? ಪುಟಕ್ಕೆ ಕನಿಷ್ಠ ದರ, ಮರುಮುದ್ರಣದಲ್ಲಿ ಪಾಲು, ಸಂಘ ಕಟ್ಟುವ ಹಕ್ಕು. ಮಾನ ಎಂದರೆ ಇದು. ಉಳಿದದ್ದು ಬರೀ ಚಪ್ಪಾಳೆ.