ಮನಸ್ಸಿನ ಓದು, ಕಾರ್ಖಾನೆಯ ಕುರ್ಚಿ



ಈ ಸಲದ ಅಂಚೆಯಲ್ಲಿ ಬಂದ ಎರಡು ಪತ್ರಗಳನ್ನು ಒಟ್ಟಿಗೇ ನಿಮ್ಮ ಮುಂದಿಡುತ್ತಿದ್ದೇನೆ. ಒಂದು ನಂಜನಗೂಡಿನಿಂದ, ಇನ್ನೊಂದು ತಿರುಮಕೂಡಲು ನರಸೀಪುರದಿಂದ. ಬರೆದವರಿಗೆ ಪರಸ್ಪರ ಪರಿಚಯವಿಲ್ಲ. ಆದರೆ ಮೊದಲನೆಯವರು ಕೇಳಿರುವ ಪ್ರಶ್ನೆಗೆ ಎರಡನೆಯವಳ ಪತ್ರದಲ್ಲೇ ಅರ್ಧ ಉತ್ತರವಿದೆ ಅಂತ ನನಗನ್ನಿಸಿತು.

ನಂಜನಗೂಡಿನ ತಾಯಿ ಬರೆಯುತ್ತಾರೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಸೈಕಾಲಜಿಯನ್ನೇ ಓದಬೇಕೆಂದು ಹಟ. ಯಜಮಾನರು ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದಾರೆ. ಅವರ ಮಾತೇ ಬೇರೆ. “ಎಚ್.ಆರ್. ಓದಲಿ. ನಮ್ಮಲ್ಲಿ ಎಚ್.ಆರ್. ಮೇಡಂ ಬಂದ್ರೆ ಸೂಪರ್‌ವೈಸರೇ ಎದ್ದು ನಿಲ್ತಾನೆ. ಸೈಕಾಲಜಿ ಅಂದ್ರೆ ಹುಚ್ಚಾಸ್ಪತ್ರೆ ಕೆಲಸ. ನಾಳೆ ಗಂಡಿನ ಕಡೆಯೋರು ಕೇಳಿದ್ರೆ ಏನಂತ ಹೇಳೋದು?” ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. “ಮೇಡಂ, ಎರಡನ್ನೂ ಒಟ್ಟಿಗೇ ಓದಿಸೋ ಹಾಗಿದೆಯಾ? ಹಾಗಾದ್ರೆ ಮನೆಯಲ್ಲಿ ಶಾಂತಿ ಆಗುತ್ತೆ” ಎಂದು ತಾಯಿ ಕೇಳಿದ್ದಾರೆ.

ಮೊದಲು ಯಜಮಾನರಿಗೆ ಎರಡು ಮಾತು. ಸ್ವಾಮಿ, ನೀವು ಹೆದರುವ ಈ ಓದು ನಿಮ್ಮ ಊರಿನಿಂದ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲೇ ನೂರು ವರ್ಷದಿಂದ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರದ ವಿಭಾಗ ಶುರುವಾಯಿತು. ಲಂಡನ್ನಿನಲ್ಲಿ ಓದಿ ಬಂದಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದವರೂ ಅವರೇ. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆಲ್ಲ ಹರಡಿದ್ದು ಆ ಮನೆಯಿಂದ. ಮನಸ್ಸಿನ ಓದು ಓದಿದವರು ಆಸ್ಪತ್ರೆಯ ಬಾಗಿಲಲ್ಲೇ ನಿಂತಿರುತ್ತಾರೆ ಎನ್ನುವುದು ತಪ್ಪು. ಮಕ್ಕಳು ಹೇಗೆ ಕಲಿಯುತ್ತಾರೆ, ಮರೆವು ಏಕೆ ಬರುತ್ತದೆ, ನಾಲ್ಕು ಜನ ಸೇರಿದಾಗ ಒಬ್ಬನ ಬುದ್ಧಿ ಹೇಗೆ ಬದಲಾಗುತ್ತದೆ, ಇದೆಲ್ಲ ಆ ಪಾಠದಲ್ಲಿದೆ. ಜೊತೆಗೆ ಸಂಖ್ಯಾಶಾಸ್ತ್ರವೂ ಉಂಟು. ಲೆಕ್ಕ ತಪ್ಪಿಸಿಕೊಳ್ಳಲು ಸೈಕಾಲಜಿ ಹಿಡಿದ ಹುಡುಗಿಯರು ಮೊದಲ ವರ್ಷವೇ ಕಣ್ಣು ಕಣ್ಣು ಬಿಡುವುದನ್ನು ನಾನು ಕಂಡಿದ್ದೇನೆ. ಹೊರಗಿನವರಂತೂ “ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ” ಅಂತ ಕಾಡಿಸುತ್ತಾರೆ. ಮದುವೆಮನೆಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ!

ಈ ಎರಡು ಓದುಗಳ ನಂಟು ಹೊಸದೇನಲ್ಲ. ಅಮೆರಿಕದ ಲಿಲಿಯನ್ ಗಿಲ್ಬ್ರೆತ್ ಎಂಬ ಹೆಂಗಸು 1914ರಲ್ಲೇ ನಿರ್ವಹಣೆಯ ಮನಶ್ಶಾಸ್ತ್ರದ ಬಗ್ಗೆ ಪುಸ್ತಕ ಬರೆದಳು. ಬರೆದದ್ದು ಹೆಣ್ಣು ಅಂತ ತಿಳಿಯದಿರಲೆಂದು ಹೆಸರಿನ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕಿಸಿದರು. ಆಕೆ ಹನ್ನೆರಡು ಮಕ್ಕಳ ತಾಯಿ. 1924ರಲ್ಲಿ ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯ ಲೆಕ್ಕಾಚಾರವನ್ನು ಅಡುಗೆಮನೆಗೆ ತಂದಳು. ನಿಲ್ಲುವವರ ಎತ್ತರಕ್ಕೆ ಕಟ್ಟೆ ಎಷ್ಟಿರಬೇಕು, ಒಲೆಗೂ ತೊಟ್ಟಿಗೂ ನಡುವೆ ಎಷ್ಟು ಹೆಜ್ಜೆ ಉಳಿಸಬಹುದು ಎಂದು ಅಳೆದಳು. ಕಾಲಿನಲ್ಲಿ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬ ಇದೆಯಲ್ಲ, ಅದನ್ನು ಕಂಡುಹಿಡಿದ ಕೀರ್ತಿಯೂ ಆಕೆಗೇ ಸಲ್ಲುತ್ತದೆ. ಕೆಲಸವನ್ನು ಅಳೆಯುವಾಗ ಕೆಲಸ ಮಾಡುವವಳ ಸೊಂಟನೋವನ್ನೂ ಅಳೆಯಬೇಕು ಎಂದು ಆಕೆಗೆ ಗೊತ್ತಿತ್ತು.

ಈಗ ಓದುವ ದಾರಿ. ತಾಲ್ಲೂಕಿನ ಕಾಲೇಜುಗಳಲ್ಲಿ ಈ ಎರಡೂ ಒಂದೇ ಪದವಿಯಲ್ಲಿ ಸಿಗುವುದು ಕಷ್ಟ. ಸೈಕಾಲಜಿ ಬಿ.ಎ.ಯ ವಿಷಯಗಳಲ್ಲಿ ಒಂದಾಗಿ ಬರುತ್ತದೆ, ಎಚ್.ಆರ್. ವಾಣಿಜ್ಯದವರ ಮನೆಯದು. 2024-25ರ ಸಾಲಿನಿಂದ ನಮ್ಮ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಆದ್ದರಿಂದ ಯಾವ ಕಾಲೇಜಿನಲ್ಲಿ ಯಾವ ವಿಷಯಗಳ ಜೋಡಿ ಇದೆ ಎಂದು ಆಫೀಸಿನಲ್ಲೇ ನಿಂತು ಕೇಳಿ. ಪಕ್ಕದ ಮನೆಯ ಹುಡುಗಿ ನಾಲ್ಕು ವರ್ಷದ ಕೆಳಗೆ ಓದಿದ್ದು ಈಗ ಇರಲಿಕ್ಕಿಲ್ಲ.

ನನ್ನನ್ನು ಕೇಳಿದರೆ ಮೊದಲು ಸೈಕಾಲಜಿ, ಆಮೇಲೆ ಎಚ್.ಆರ್. ಇದಕ್ಕೊಂದು ಗಟ್ಟಿ ಕಾರಣವಿದೆ. ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲೀ ಆನ್‌ಲೈನಿನಲ್ಲಾಗಲೀ ಕಲಿಸಕೂಡದೆಂದು 2025ರ ಜುಲೈ-ಆಗಸ್ಟ್ ಸಾಲಿನಿಂದ ಯುಜಿಸಿ ತಡೆ ಹಾಕಿದೆ. ಅಂದಮೇಲೆ ಅದನ್ನು ಮದುವೆಯಾದ ಮೇಲೆ ಮನೆಯಲ್ಲೇ ಕೂತು ಓದುತ್ತೇನೆ ಅಂದರೆ ಆಗದು. ಕಾಲೇಜಿಗೆ ಹೋಗುವ ವಯಸ್ಸಿನಲ್ಲೇ ಓದಿಬಿಡಬೇಕು. ನಿರ್ವಹಣೆಯ ಓದು ಹಾಗಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲೋ ಇಗ್ನೋದಲ್ಲೋ ಕೆಲಸ ಮಾಡುತ್ತಲೇ ಎಂ.ಬಿ.ಎ. ಮಾಡಬಹುದು. ಬಿ.ಎ. ಆದಮೇಲೆ ಎಂ.ಎಸ್.ಡಬ್ಲ್ಯೂ. ಸೇರಿ ಎಚ್.ಆರ್. ವಿಭಾಗ ಹಿಡಿಯುವ ಹಳೆಯ ದಾರಿಯೂ ಇದೆ. ಹಿಂದೆ ಲೇಬರ್ ಆಫೀಸರ್ ಆಗುತ್ತಿದ್ದವರಲ್ಲಿ ಅನೇಕರು ಆ ದಾರಿಯಲ್ಲೇ ಬಂದವರು. ಒಂದೇ ಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲೇ ಒಪ್ಪಿಗೆ ಕೊಟ್ಟಿದೆ, ನಿಜ. ಆದರೆ ಬೆಳಗಿನ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಸಂಜೆ ಬಂದು ಮುಸುರೆ ತಿಕ್ಕುವ ಹುಡುಗಿಗೆ ಅದು ಹೊರೆಯಾಗುತ್ತದೆ. ಅವಸರವೇನಿದೆ?

ಇನ್ನೊಂದು ಎಚ್ಚರಿಕೆ. ಬಿ.ಎ. ಆದ ಮಾತ್ರಕ್ಕೆ ಚಿಕಿತ್ಸೆ ಕೊಡುವ ಅಧಿಕಾರ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಮೇಲಿನ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು.

ಇಲ್ಲಿಗೆ ತಾಯಿಯ ಪ್ರಶ್ನೆ ಮುಗಿಯಿತು ಅನ್ನುವಷ್ಟರಲ್ಲಿ ನರಸೀಪುರದ ಪತ್ರ ತೆರೆದೆ.

ಈ ಹುಡುಗಿ ಅದೇ ಎರಡು ಓದು ಮುಗಿಸಿ, ಒಂದು ಕಾರ್ಖಾನೆಯ ಎಚ್.ಆರ್. ವಿಭಾಗದಲ್ಲಿ ವರ್ಷದಿಂದ ಇದ್ದಾಳೆ. ಕಾರ್ಖಾನೆಯ ಹೆಸರು ಬೇಡ. ಲೈನಿನಲ್ಲಿ ನಿಂತು ಕೆಲಸ ಮಾಡುವ ಹೆಂಗಸೊಬ್ಬಳು ಊಟದ ಬಿಡುವಿನಲ್ಲಿ ಬಂದು ಅತ್ತಳಂತೆ. “ಅಕ್ಕ, ಎರಡು ತಿಂಗಳಾಗಿದೆ. ಹಿಂದೆ ಒಂದು ಉಳೀಲಿಲ್ಲ. ಯಾರಿಗೂ ಹೇಳ್ಬೇಡಿ.” ಮರುವಾರ ಮ್ಯಾನೇಜರು ಕರೆದು ಕೇಳಿದರು: “ಆಕೆ ಯಾಕಮ್ಮ ಇಷ್ಟು ರಜ ಹಾಕ್ತಾಳೆ? ಮುಂದಿನ ತಿಂಗಳು ಯಾರನ್ನ ಮುಂದುವರಿಸಬೇಕು ಅಂತ ಪಟ್ಟಿ ಮಾಡ್ತಿದ್ದೀನಿ. ನಿನ್ನ ಹತ್ರ ಏನೋ ಹೇಳ್ಕೊಂಡ್ಳಂತಲ್ಲ?” ಹುಡುಗಿ ಬರೆಯುತ್ತಾಳೆ: “ಆಂಟಿ, ಸೈಕಾಲಜಿ ಕ್ಲಾಸಿನಲ್ಲಿ ಗುಟ್ಟು ಕಾಪಾಡು ಅಂತ ಕಲಿಸಿದರು. ಎಚ್.ಆರ್. ಕ್ಲಾಸಿನಲ್ಲಿ ಕಂಪನಿಗೆ ನಿಷ್ಠೆ ಅಂತ ಕಲಿಸಿದರು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ.”

ಓದಿ ನನಗೆ ಆ ಊರಿನ ಸಂಗಮವೇ ನೆನಪಾಯಿತು. ನಂಜನಗೂಡಿನ ಮೆಟ್ಟಿಲು ತೊಳೆದು ಬಂದ ಕಪಿಲೆ ಅಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಕಪಿಲೆ ಎಂಬ ಹೆಸರಿಲ್ಲ, ಎಲ್ಲ ಕಾವೇರಿಯೇ. ಈ ಎರಡು ಓದು ಸೇರಿದಾಗಲೂ ಹೀಗೇ ಆಗುತ್ತದೆ. ಸಂಬಳ ಕೊಡುವವರು ಎಚ್.ಆರ್. ಎಂದೇ ಕರೆಯುತ್ತಾರೆ, ಸೈಕಾಲಜಿಯ ಹೆಸರು ಅಳಿದುಹೋಗುತ್ತದೆ. ನೀರು ಮಾತ್ರ ಒಳಗೇ ಇರುತ್ತದೆ.

ಪಠ್ಯದಲ್ಲಿ ಹಾಥಾರ್ನ್ ಕಾರ್ಖಾನೆಯ ಕತೆಯನ್ನು ಎಲ್ಲರೂ ಓದುತ್ತಾರೆ. ಷಿಕಾಗೋ ಹತ್ತಿರದ ಆ ಟೆಲಿಫೋನ್ ಸಾಮಾನಿನ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗ ನಡೆಯಿತು. 1927ರಲ್ಲಿ ಕೆಲವು ಹುಡುಗಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಿಡುವು ಕೊಟ್ಟು, ಆದರದಿಂದ ಮಾತಾಡಿಸಿ ನೋಡಿದರು. ಕೆಲಸ ಹೆಚ್ಚಿತು. ಆದರದಿಂದ ಕಂಡರೆ ಜನ ಚೆನ್ನಾಗಿ ದುಡಿಯುತ್ತಾರೆ ಎಂಬ ಪಾಠ ಅಲ್ಲಿಂದ ಬಂತು. ಆದರೆ 1928ರ ಜನವರಿಯಲ್ಲಿ ಅವರಲ್ಲಿ ಇಬ್ಬರನ್ನು, ಮಾತು ಜಾಸ್ತಿ, ಹೇಳಿದ ಹಾಗೆ ಕೇಳುವುದಿಲ್ಲ ಎಂದು ತೆಗೆದು ಬೇರೆಯವರನ್ನು ಕೂರಿಸಿದರು! ಈ ಸಾಲನ್ನು ಪಾಠದಲ್ಲಿ ಬೇಗ ದಾಟಿಬಿಡುತ್ತಾರೆ. ಮನಸ್ಸನ್ನು ಅರಿಯುವ ವಿದ್ಯೆ ಯಾರ ಕೈಯಲ್ಲಿದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಾನು ಆ ಹುಡುಗಿಗೆ ಬರೆದದ್ದು ಇಷ್ಟು. ಮಗು, ಮ್ಯಾನೇಜರಿಗೆ ಸುಳ್ಳು ಹೇಳಬೇಡ. “ಸಾರ್, ಅದು ಅವರ ಸ್ವಂತ ವಿಷಯ, ಅವರೇ ಹೇಳಬೇಕು” ಅನ್ನು, ಅಷ್ಟೇ. ಆಮೇಲೆ ಆಕೆಯನ್ನು ಕರೆದು ಕಾನೂನು ತಿಳಿಸು. 1961ರ ಹೆರಿಗೆ ಸೌಲಭ್ಯದ ಕಾಯ್ದೆಯೇ ಬಸುರಿನ ಕಾರಣದ ರಜದಲ್ಲಿರುವವಳನ್ನು ಕೆಲಸದಿಂದ ತೆಗೆಯುವುದನ್ನು ತಪ್ಪೆಂದಿತು. 2017ರಲ್ಲಿ ಮೊದಲ ಎರಡು ಹೆರಿಗೆಗೆ ಸಂಬಳದ ರಜ 12 ವಾರದಿಂದ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿರಬೇಕು, ಅಷ್ಟೇ. ಆದರೆ ಗುಟ್ಟಾಗಿ ಇಟ್ಟುಕೊಂಡವಳನ್ನು ‘ರಜ ಜಾಸ್ತಿ’ ಎಂದು ಪಟ್ಟಿಯಿಂದ ಬಿಡುವುದು ಸುಲಭ. ಡಾಕ್ಟರ ಚೀಟಿ ಇಟ್ಟು ಬರಹದಲ್ಲಿ ತಿಳಿಸಿದವಳನ್ನು ಬಿಡುವುದು ಕಷ್ಟ. ಹೇಳುವುದೋ ಬಿಡುವುದೋ, ತೀರ್ಮಾನ ಮಾತ್ರ ಅವಳದೇ.

ಇನ್ನು ಮುಂದೆ ಯಾರಾದರೂ ಹೀಗೆ ಬಂದು ಕೂತರೆ, ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಡು: “ಅಕ್ಕ, ನಾನು ಕಂಪನಿಯ ಕುರ್ಚಿಯಲ್ಲಿ ಕೂತಿರೋಳು. ಪ್ರಾಣಕ್ಕೆ ಅಪಾಯ, ಹೆಣ್ಣುಮಕ್ಕಳಿಗೆ ಕಿರುಕುಳ, ಇಂಥದ್ದನ್ನ ನನ್ನಲ್ಲೇ ಇಟ್ಕೊಳ್ಳೋಕಾಗಲ್ಲ. ಮಿಕ್ಕಿದ್ದು ನಿಮ್ಮ ಒಪ್ಪಿಗೆ ಇಲ್ದೆ ಹೊರಗೆ ಹೋಗಲ್ಲ.” ಕಿರುಕುಳದ ದೂರಿಗೆ 2013ರ ಕಾನೂನಿನ ಪ್ರಕಾರ ಹತ್ತು ಜನರಿರುವ ಕಡೆಯೆಲ್ಲ ಒಳಸಮಿತಿ ಇರಬೇಕು, ಅದರ ಅಧ್ಯಕ್ಷತೆ ಹೆಂಗಸಿನದೇ. ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋಗು.

ಮೊನ್ನೆ ಅವಳ ಎರಡನೆಯ ಪತ್ರ ಬಂತು. ಆ ಹೆಂಗಸು ಚೀಟಿ ಕೊಟ್ಟಳಂತೆ. ಪಟ್ಟಿಯಲ್ಲಿ ಹೆಸರು ಉಳಿದಿದೆ, ಕೂತು ಮಾಡುವ ಕೆಲಸಕ್ಕೆ ಹಾಕಿದ್ದಾರೆ. ಮ್ಯಾನೇಜರು ಮಾತ್ರ ಹುಡುಗಿಯ ಹತ್ತಿರ ಈಗ ಮುಖ ಕೊಟ್ಟು ಮಾತಾಡುವುದಿಲ್ಲ. ಅದು ಎಷ್ಟು ದಿನವೋ ನೋಡೋಣ.

ನಂಜನಗೂಡಿನ ತಾಯಿಗೆ: ಮಗಳು ಸೈಕಾಲಜಿ ಸೇರಲಿ, ಅರ್ಜಿ ತುಂಬುವ ದಿನ ಯಜಮಾನರೇ ಜೊತೆಗೆ ಹೋಗಲಿ. ಇವತ್ತು ರಾತ್ರಿ ಅವರ ಸಂಬಳದ ಚೀಟಿಯನ್ನು ಮಗಳ ಮುಂದೆ ಬಿಡಿಸಿಡಲಿ. ಪಿ.ಎಫ್. ಎಷ್ಟು ಹಿಡಿದಿದ್ದಾರೆ, ಇ.ಎಸ್.ಐ. ಇದೆಯೋ ಇಲ್ಲವೋ, ಓ.ಟಿ. ಹೇಗೆ ಲೆಕ್ಕ ಹಾಕುತ್ತಾರೆ, ಎಲ್ಲ ಹೇಳಿಕೊಡಲಿ. ಎಚ್.ಆರ್.ನ ಮೊದಲ ಪಾಠ ಮನೆಯಲ್ಲೇ ಆಗುತ್ತದೆ, ಫೀಸಿಲ್ಲದೆ. ಹುಡುಗಿ ಊಟ ಮಾಡಿದಳೇ? ಮರೆಯದೆ ಒಂದು ಕಾರ್ಡು ಹಾಕಿ.