ಹಡಗಿಳಿದ ಮೇಲೆ ದಾರಿ ಯಾರದು?



ನಮ್ಮ ಪುಲಿಕೇಶಿನಗರಕ್ಕೆ ಹೆಸರು ಬಂದಿರುವುದು ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯಿಂದ. ಆತನು ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ನಾವೆಗಳೊಡನೆ ಮುತ್ತಿದ ಸಂಗತಿಯನ್ನು 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ಹೇಳಿದ್ದಾನೆ. ಅಂಥ ದೊರೆಯ ಹೆಸರು ಹೊತ್ತ ಬಡಾವಣೆಯ ಗೃಹಸ್ಥರಿಗೆ ಸಮುದ್ರಯಾನವು ಬಹುಕಾಲ ದೂರದ ಮಾತಾಗಿಯೇ ಉಳಿದಿತ್ತು. ಈಗ ಹಾಗಿಲ್ಲ. 2023ರ ಜೂನ್ ತಿಂಗಳಲ್ಲಿ 'ಎಂಪ್ರೆಸ್' ಎಂಬ ವಿಹಾರನೌಕೆಯು ಚೆನ್ನೈಯಿಂದ ಶ್ರೀಲಂಕೆಯ ಹಂಬನತೋಟ, ತ್ರಿಕೋನಮಲೆ ಮತ್ತು ಕಾಂಕೇಸನ್‌ತುರೈ ಬಂದರುಗಳಿಗೆ ಯಾನ ಆರಂಭಿಸಿತು. ವಿದೇಶದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಕರೆಸಿಕೊಂಡು ಇಂಥ ಯಾನಕ್ಕೆ ಒಯ್ಯುವುದೂ ಇಂದು ಅಪರೂಪವಲ್ಲ. ಆದುದರಿಂದ ಈ ಬಾರಿ ಗೃಹಸ್ಥರಿಗೆ ಉಪಯುಕ್ತವಾದ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ಹಡಗು ಬಂದರಿನಲ್ಲಿ ನಿಂತ ಕೆಲವು ತಾಸುಗಳಲ್ಲಿ ಊರು ನೋಡಲು ಹಡಗಿನವರ ಬಸ್ಸನ್ನೇ ಹಿಡಿಯಬೇಕೇ, ಇಲ್ಲವೇ ನಾವೇ ವಾಹನ ಗೊತ್ತುಮಾಡಿಕೊಳ್ಳಬಹುದೇ?

ಮೊದಲು ಎರಡರ ವ್ಯತ್ಯಾಸವನ್ನು ತಿಳಿಯೋಣ. ಹಡಗಿನ ಕಂಪನಿಯು ಏರ್ಪಡಿಸುವ ಪ್ರವಾಸದಲ್ಲಿ ತಲೆಗಿಷ್ಟು ಎಂದು ಹಣ ತೆಗೆದುಕೊಳ್ಳುತ್ತಾರೆ. ಬಸ್ಸಿನ ತುಂಬ ಜನ. ಎಲ್ಲರೂ ಇಳಿದು ಹತ್ತುವುದರಲ್ಲಿಯೇ ಸಾಕಷ್ಟು ಹೊತ್ತು ಕಳೆಯುತ್ತದೆ. ನಾಲ್ಕೈದು ಜನರ ಕುಟುಂಬವು ತಾನೇ ಒಂದು ಕಾರನ್ನು ಗೊತ್ತುಮಾಡಿಕೊಂಡರೆ ಬಾಡಿಗೆ ಇಡೀ ಕಾರಿಗೆ ಒಂದೇ ಆಗಿರುವುದರಿಂದ ಖರ್ಚು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮೊಣಕಾಲು ನೋಯುವ ಅಜ್ಜಿ ಒಂದೆಡೆ ಕುಳಿತು ಸುಧಾರಿಸಿಕೊಳ್ಳಬಹುದು. ಮಗುವಿಗೆ ಹಸಿವಾದಾಗ ನಿಲ್ಲಿಸಬಹುದು. ಶಾಕಾಹಾರದ ಊಟವನ್ನು ನಾವೇ ಹುಡುಕಿಕೊಳ್ಳಬಹುದು.

ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆಯುಂಟು. ಹಡಗಿನವರೇ ಕಳುಹಿಸಿದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಕಂಪನಿಯೇ ಹೊರುತ್ತದೆ. ನಮ್ಮ ಕಾರು ತಡವಾದರೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ಹೋಗುವ ಖರ್ಚು, ವಸತಿ, ಪಾಸ್‌ಪೋರ್ಟಿನ ತೊಂದರೆ ಎಲ್ಲವೂ ನಮ್ಮ ತಲೆಯ ಮೇಲೆಯೇ. ಬಿರುಗಾಳಿಯ ಕಾರಣದಿಂದ ಹಡಗು ಆ ಬಂದರನ್ನೇ ಬಿಟ್ಟು ಮುಂದೆ ಸಾಗಿದರೆ ಹಡಗಿನ ಪ್ರವಾಸಕ್ಕೆ ಕಟ್ಟಿದ ಹಣ ಸಾಮಾನ್ಯವಾಗಿ ಹಿಂದಿರುಗುತ್ತದೆ. ಹೊರಗಿನವರಿಗೆ ಕೊಟ್ಟ ಮುಂಗಡವು ಮರಳುವುದು ಅವರೊಡನೆ ಮಾಡಿಕೊಂಡ ಕರಾರನ್ನು ಅವಲಂಬಿಸಿದೆ. ದೊಡ್ಡ ಮುಂಗಡ ಕೊಡದಿರುವುದೇ ಲೇಸು.

ಆದುದರಿಂದ ನಾವು ಹೇಳುವ ಸೂತ್ರ ಸರಳವಾದುದು: ಹತ್ತಿರದ ಸ್ಥಳಕ್ಕೆ ಸ್ವಂತ ಏರ್ಪಾಟು, ದೂರದ ಸ್ಥಳಕ್ಕೆ ಹಡಗಿನ ಬಸ್ಸು.

ತ್ರಿಕೋನಮಲೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಫ್ರೆಡರಿಕ್ ಕೋಟೆಯ ಒಳಗೆ, ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ಶಿವಾಲಯವಿದೆ. ತಮಿಳು ಶೈವ ಸಂತ ಸಂಬಂಧರ್ ಹಾಡಿದ ಕ್ಷೇತ್ರವಿದು. ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರು ಹಳೆಯ ದೇಗುಲವನ್ನು ಕೆಡವಿದರು. 1956ರಲ್ಲಿ ಮುಳುಗುಗಾರರು ಅದರ ಅವಶೇಷಗಳನ್ನು ಕಡಲಿನ ತಳದಲ್ಲಿ ಕಂಡರು. ಊರಿನೊಳಗೇ ಇರುವ ಈ ಸ್ಥಳಕ್ಕೆ ಬಸ್ಸಿನ ಗುಂಪು ಬೇಕಿಲ್ಲ. ಒಂದು ಆಟೋ ಸಾಕು. ಆದರೆ ಅಲ್ಲಿಂದ ಸಿಗಿರಿಯ ಬಂಡೆಕೋಟೆಯನ್ನು ನೋಡುವ ಆಸೆಯಾದರೆ ಲೆಕ್ಕ ಬೇರೆ. ಅದು ಸುಮಾರು 100 ಕಿಲೋಮೀಟರು ದೂರ. ಹೋಗಿಬರುವ ದಾರಿಯಲ್ಲಿಯೇ ನಾಲ್ಕು ತಾಸು ಮೀರಿ ಬೇಕು. ನಡುವೆ ಒಂದು ಚಕ್ರ ಪಂಚರಾದರೂ ಹಡಗು ಕೈತಪ್ಪೀತು. ಅಂಥ ಕಡೆ ಹಡಗಿನವರೊಡನೆ ಹೋಗುವುದೇ ವಿವೇಕ. ಕಾಂಕೇಸನ್‌ತುರೈಯಲ್ಲಿಯೂ ಹೀಗೆಯೇ: ಕೀರಿಮಲೆಯ ನಗುಲೇಶ್ವರ ದೇವಾಲಯ ಬಂದರಿಗೆ ಸಮೀಪ, ಯಾಳ್ಪಾಣದ ನಲ್ಲೂರು ಸುಮಾರು 20 ಕಿಲೋಮೀಟರು. ಇವೆರಡೂ ಸ್ವಂತ ಏರ್ಪಾಟಿಗೆ ಒಗ್ಗುವಂಥವು. ಆದರೆ ದೇವಾಲಯಗಳು ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಹೊರಡುವವರು ನೆನಪಿಡಬೇಕಾದ ಕೆಲವು ವಿಷಯಗಳಿವೆ. ಹಡಗಿನ ಹೊರಡುವ ವೇಳೆ ಬೇರೆ, ಪ್ರಯಾಣಿಕರು ಹತ್ತಿರಬೇಕಾದ ವೇಳೆ ಬೇರೆ, ಎರಡನೆಯದನ್ನೇ ಬರೆದಿಟ್ಟುಕೊಳ್ಳಿ. ಅದಕ್ಕೂ ಎರಡು ತಾಸು ಮುಂಚೆ ಬಂದರಿನ ಬಾಗಿಲಲ್ಲಿರುವಂತೆ ಲೆಕ್ಕ ಹಾಕಿ. ಶ್ರೀಲಂಕೆಯ ಗಡಿಯಾರವು ನಮ್ಮದೇ ಆದರೂ ಸಿಂಗಪುರದ್ದು ಎರಡೂವರೆ ತಾಸು ಮುಂದು. ಹಡಗಿನ ವೇಳೆ ಯಾವುದೆಂದು ಕೇಳಿಯೇ ಇಳಿಯಿರಿ. ಹೊರಗಿನ ಬಾಡಿಗೆ ವಾಹನಗಳನ್ನು ಬಂದರಿನೊಳಗೆ ಬಿಡದಿರುವುದು ಸಾಮಾನ್ಯವಾದುದರಿಂದ ಚಾಲಕನು ಎಲ್ಲಿ ಕಾಯುವನೆಂಬುದು ಖಚಿತವಾಗಿರಲಿ. ಹಡಗಿನ ಚೀಟಿ, ಪಾಸ್‌ಪೋರ್ಟಿನ ಪ್ರತಿ, ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ ಮನೆಯ ಇಬ್ಬರ ಬಳಿಯಾದರೂ ಇರಲಿ. ಆ ದೇಶದಲ್ಲಿ ಇಳಿಯಲು ಬೇಕಾದ ಅನುಮತಿಯನ್ನು ಊರು ಬಿಡುವ ಮುನ್ನವೇ ವಿಚಾರಿಸಿರಿ. ಬೇಯಿಸಿದ ಆಹಾರ, ಹಣ್ಣುಗಳನ್ನು ದಡಕ್ಕೆ ಒಯ್ಯಲು ಅನೇಕ ಬಂದರುಗಳಲ್ಲಿ ಬಿಡುವುದಿಲ್ಲ. ಹಡಗಿನ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚುವುದಕ್ಕೂ ನಿಷೇಧವಿರುತ್ತದೆ. ಇಷ್ಟಲಿಂಗ ಪೂಜೆಗೆ ಅದರಿಂದ ಕೊರತೆಯೇನೂ ಇಲ್ಲ. ಅಂಗೈಯೇ ಪೀಠವಾದ ಪೂಜೆಗೆ ವಿಭೂತಿ, ನೀರು ಮತ್ತು ಏಕಾಗ್ರತೆ ಸಾಕು. ಇಳಿಯುವ ಮುನ್ನವೇ ಪೂಜೆ ಮುಗಿಸಿದರೆ ದಿನವಿಡೀ ಮನಸ್ಸು ಹಗುರವಾಗಿರುತ್ತದೆ.

ಕೊನೆಯದಾಗಿ ಹಣದ ಮಾತು. ನಮ್ಮ ನಾಡಿನಲ್ಲಿಯೇ ಇದನ್ನು ನೋಡಬಹುದು. 1975ರಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ನೌಕೆಗಳ ಪ್ರವಾಸಿಗರು ಕದ್ರಿಯ ಮಂಜುನಾಥನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಿ ಹೋಗುತ್ತಾರೆ. ಅವರು ಬಸ್ಸಿಗೆ ಕೊಟ್ಟ ಹಣ ಹಲವು ಕೈ ದಾಟಿ ನಮ್ಮವರನ್ನು ಮುಟ್ಟುತ್ತದೆ. ಆಟೋದವನಿಗೂ ಎಳನೀರಿನವಳಿಗೂ ಕೊಟ್ಟದ್ದು ನೇರವಾಗಿ ದುಡಿದ ಕೈಗೆ ಸೇರುತ್ತದೆ. ಪರದೇಶದ ದಡದಲ್ಲಿ ನಾವು ಇಳಿದಾಗಲೂ ಇದೇ ನ್ಯಾಯ. ಉಳಿದ ಹಣದ ಸಂತೋಷದಲ್ಲಿ ಬಡಚಾಲಕನೊಡನೆ ಕೊನೆಯ ಕಾಸಿಗೂ ಚೌಕಾಸಿ ಮಾಡುವುದು ಶರಣರ ಮನೆಯವರಿಗೆ ಶೋಭೆಯಲ್ಲ. ಬಾಡಿಗೆಯನ್ನು ಹೊರಡುವ ಮುನ್ನವೇ ಸ್ಪಷ್ಟವಾಗಿ ಮಾತಾಡಿ. ಅವನು ನಮಗಾಗಿ ಕಾಯ್ದಿದ್ದರೆ ಅವನ ಊಟವನ್ನೂ ವಿಚಾರಿಸಿ. ಅವನದೂ ಕಾಯಕವೇ. ಸಂಜೆ ಹಡಗು ತಪ್ಪದಂತೆ ನಮ್ಮ ಹಿರಿಯರನ್ನೂ ಮಕ್ಕಳನ್ನೂ ಬಂದರಿಗೆ ಮುಟ್ಟಿಸುವವನು ಅವನೇ ಅಲ್ಲವೇ?