ವಿಮಾನದ ಭಯ ಸಾಕು, ಕೈಯ ಅಳತೆ ಬೇಕು

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಎಲ್ಲ ದಾಟಿ ಬಂದ ತಾಯಿ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುತ್ತೇನೆ ಎಂದರೆ ಮನೆಯಲ್ಲಿ ಒಂದು ಮಾತು ಏಳುತ್ತದೆ: ‘ವಿಮಾನ ಹತ್ತಿದರೆ ಕೈ ಊದಿಕೊಳ್ಳುತ್ತಂತೆ’. ಯಾರೋ ನೆಂಟರು ಹೇಳಿರುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ, ಕೆಲವೊಮ್ಮೆ ಆಸ್ಪತ್ರೆಯ ವಾರ್ಡಿನಲ್ಲೇ ಕಿವಿಗೆ ಬಿದ್ದಿರುತ್ತದೆ. ಎಷ್ಟೋ ಪ್ರಯಾಣಗಳು ಈ ಒಂದು ಮಾತಿಗೇ ನಿಂತುಹೋಗುತ್ತವೆ. ಈ ಭಯಕ್ಕೆ ಬುಡವೇ ಇಲ್ಲ ಎನ್ನಲಾಗದು. ಆದರೆ ಅದು ಬೆಳೆದಿರುವಷ್ಟಕ್ಕೆ ಪುರಾವೆ ಇಲ್ಲ.

ಕೈ ಊದುವುದು ಏಕೆ? ರಕ್ತನಾಳಗಳಿಂದ ಅಂಗಾಂಶಗಳಿಗೆ ಸೋರುವ ದ್ರವದ ಒಂದು ಪಾಲು ದುಗ್ಧನಾಳಗಳ ಮೂಲಕ ಮರಳಿ ರಕ್ತ ಸೇರಬೇಕು. ತೋಳಿನ ದುಗ್ಧರಸ ಬಹುಪಾಲು ಹಾಯುವುದು ಕಂಕುಳಿನ ಗ್ರಂಥಿಗಳ ಮೂಲಕ. ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು, ಹರಡಿದ್ದರೆ ತೆಗೆಯಲು, ಶಸ್ತ್ರವೈದ್ಯರು ಕತ್ತರಿ ಹಾಕುವುದೂ ಅಲ್ಲಿಗೇ. ಮೇಲೆ ವಿಕಿರಣವೂ ಬಿದ್ದರೆ ಉಳಿದ ದಾರಿಯೂ ಕಿರಿದಾಗುತ್ತದೆ. ದ್ರವ ತೋಳಿನಲ್ಲೇ ನಿಲ್ಲುತ್ತದೆ. ಕೈ ಭಾರ ಎನಿಸುತ್ತದೆ, ರವಿಕೆಯ ತೋಳು ಬಿಗಿಯುತ್ತದೆ, ನಿನ್ನೆವರೆಗೆ ಸಲೀಸಾಗಿ ಏರುತ್ತಿದ್ದ ಬಳೆ ಮುಂಗೈ ದಾಟುವುದಿಲ್ಲ. ಇದೇ ಲಿಂಫೆಡೀಮಾ. ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ 2013ರಲ್ಲಿ ಬಂದ ಸಮೀಕ್ಷಾ ಲೇಖನದ ಪ್ರಕಾರ, ಸ್ತನ ಕ್ಯಾನ್ಸರ್‌ ಗೆದ್ದು ಬಂದ ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಶೇ 20ರಷ್ಟು. ‘ಸೆಂಟಿನೆಲ್’ ಎನ್ನುವ ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದವರಲ್ಲಿ ಶೇ 6ಕ್ಕಿಂತ ಕಡಿಮೆ. ಅಪಾಯದ ದೊಡ್ಡ ಪಾಲು ತೀರ್ಮಾನವಾಗುವುದು ಆಪರೇಷನ್ ಥಿಯೇಟರಿನಲ್ಲಿ.

ವಿಮಾನದ ಮೇಲೆ ಅನುಮಾನ ಬಂದದ್ದು ಗಾಳಿಯ ಒತ್ತಡದಿಂದ. ಹೊರಗಿನ ಒತ್ತಡ ಇಳಿದರೆ ಅಂಗಾಂಶಕ್ಕೆ ಹೆಚ್ಚು ದ್ರವ ಸೋರಬಹುದು ಎಂಬುದು ತರ್ಕ. ಆದರೆ ವಿಮಾನ 35,000 ಅಡಿ ಮೇಲಿದ್ದರೂ ಒಳಗಿನ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಕಾಯ್ದಿಡುತ್ತಾರೆ. ಊಟಿ ಇರುವುದು ಸುಮಾರು 7,350 ಅಡಿ ಎತ್ತರದಲ್ಲಿ. ಶಸ್ತ್ರಚಿಕಿತ್ಸೆ ಆದವರು ಊಟಿಗೆ ಹೋಗಬಾರದು ಎಂದು ಯಾರೂ ಹೇಳಿದ್ದಿಲ್ಲ.

ಭಯ ಬಲವಾದದ್ದು 1996ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ವರದಿಯಿಂದ. ಆಗಲೇ ಕೈಕಾಲು ಬಾತವರಿಗೆ ಪ್ರಶ್ನಾವಳಿ ಕಳಿಸಿದಾಗ ಕೆಲವರು, ಬಾವು ಶುರುವಾದದ್ದೇ ವಿಮಾನ ಪ್ರಯಾಣದಲ್ಲಿ ಎಂದು ನೆನಪಿಸಿಕೊಂಡರು. ಹಾರಿ ಬಂದರೂ ಏನೂ ಆಗದವರನ್ನು ಆ ಲೆಕ್ಕದಲ್ಲಿ ಕೇಳಿರಲಿಲ್ಲ. ನೆನಪನ್ನು ಬಿಟ್ಟು ಕೈಯನ್ನೇ ಅಳೆಯತೊಡಗಿದಾಗ ಚಿತ್ರ ಬದಲಾಯಿತು. ಡ್ರ್ಯಾಗನ್ ದೋಣಿ ಸ್ಪರ್ಧೆಗಾಗಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ವಿಮಾನದಲ್ಲಿ ಬಂದ, ಸ್ತನ ಕ್ಯಾನ್ಸರ್ ಚಿಕಿತ್ಸೆಯಾಗಿದ್ದ 72 ಮಹಿಳೆಯರ ತೋಳುಗಳನ್ನು ಪ್ರಯಾಣಕ್ಕೆ ಮೊದಲೂ ಆಮೇಲೂ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶೇ 95ರಷ್ಟು ಮಂದಿಗೆ ಗಮನಾರ್ಹ ಬದಲಾವಣೆ ಇರಲಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 632 ರೋಗಿಗಳ 3,041 ಅಳತೆಗಳನ್ನು ಇಟ್ಟುಕೊಂಡು 2016ರಲ್ಲಿ ಇನ್ನೂ ಖಚಿತವಾಗಿ ಹೇಳಿದರು: ಎಷ್ಟು ಸಲ ಹಾರಿದರು, ಎಷ್ಟು ತಾಸು ಹಾರಿದರು ಎಂಬುದಕ್ಕೂ ತೋಳಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ದೇಹದ ತೂಕ, ಕಂಕುಳಿನ ಪೂರ್ಣ ಶಸ್ತ್ರಚಿಕಿತ್ಸೆ, ಗ್ರಂಥಿಗಳ ಭಾಗಕ್ಕೆ ಕೊಟ್ಟ ವಿಕಿರಣ ಮತ್ತು ಚರ್ಮದ ಸೋಂಕಿಗೆ.

ಒಂದು ಎಚ್ಚರ ಮಾತ್ರ ಇಲ್ಲಿ ಹೇಳಲೇಬೇಕು. ಬಾಸ್ಟನ್ನಿನ ಆ ಗುಂಪಿನಲ್ಲಿ ಕಂಕುಳಿನ ಗ್ರಂಥಿಗಳೆಲ್ಲ ಹೋದವರು ಕಡಿಮೆ. ನಮ್ಮಲ್ಲಿ ಎಷ್ಟೋ ಮಹಿಳೆಯರು ಗಡ್ಡೆ ದೊಡ್ಡದಾದ ಮೇಲೆಯೇ ಆಸ್ಪತ್ರೆಗೆ ಬರುವುದರಿಂದ ದೊಡ್ಡ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ. ಅಂಥವರು ಹೆಚ್ಚು ಜಾಗ್ರತೆ ವಹಿಸುವುದು ಸರಿ. ಪ್ರಯಾಣವನ್ನೇ ಕೈಬಿಡುವುದು ಸರಿಯಲ್ಲ.

ಜಾಗ್ರತೆ ಎಂದೊಡನೆ ಎಲ್ಲರ ಕಣ್ಣು ತೋಳಿಗೆ ತೊಡುವ ಬಿಗಿ ಸ್ಲೀವ್‌ನತ್ತ ಹೋಗುತ್ತದೆ. ಈಗಾಗಲೇ ಬಾವು ಇರುವವರು ಅದನ್ನು ತೊಟ್ಟೇ ವಿಮಾನ ಹತ್ತಬೇಕು. ಬಾವೇ ಇಲ್ಲದವರ ವಿಷಯ ಬೇರೆ. ಮುನ್ನೆಚ್ಚರಿಕೆಗೆಂದು ಸ್ಲೀವ್ ತೊಟ್ಟವರಿಗೆ ಲಾಭವಾಗುವ ಬದಲು ಹಾನಿಯೇ ಆಗಿರಬಹುದು ಎಂದು 2002ರಲ್ಲೇ ಆಸ್ಟ್ರೇಲಿಯಾದ ಅಧ್ಯಯನವೊಂದು ಅನುಮಾನಿಸಿತ್ತು. ಅಳತೆ ತಪ್ಪಿದ ಸ್ಲೀವ್ ಮೊಣಕೈ ಬಳಿ ಮಡಿಕೆ ಬಿದ್ದು ದಾರದಂತೆ ಬಿಗಿದರೆ, ದ್ರವ ಕೆಳಗಿಳಿದು ಬೆರಳುಗಳು ಬಾಯುತ್ತವೆ. ಆದ್ದರಿಂದ ಹೊರಡುವ ಹಿಂದಿನ ದಿನ ಅಂಗಡಿಯಿಂದ ತಂದು ತೊಡುವ ವಸ್ತು ಇದಲ್ಲ. ಫಿಸಿಯೊಥೆರಪಿಸ್ಟ್ ಹತ್ತಿರ ಅಳತೆ ಕೊಟ್ಟು, ಕೆಲವು ದಿನ ಮನೆಯಲ್ಲೇ ತೊಟ್ಟು ನೋಡಬೇಕು.

ಉಳಿದದ್ದು ಸರಳ. ಕೂತಲ್ಲೇ ಆಗಾಗ ಮುಷ್ಟಿ ಹಿಡಿದು ಬಿಡುವುದು, ತೋಳು ಎತ್ತಿ ಇಳಿಸುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು, ನೀರು ಕುಡಿಯುವುದು. ಭಾರದ ಚೀಲವನ್ನು ತಲೆಯ ಮೇಲಿನ ಗೂಡಿಗೆ ಎತ್ತಿಡಲು ಪಕ್ಕದವರ ಸಹಾಯ ಕೇಳಬೇಕು, ಸಂಕೋಚ ಬೇಡ. ಚರ್ಮ ಒಡೆಯದಂತೆ ಕ್ರೀಮ್ ಹಚ್ಚಿಕೊಳ್ಳಬೇಕು. ಸೊಳ್ಳೆ ಕಡಿತ, ಗೀರುಗಾಯಗಳನ್ನು ಅಲಕ್ಷಿಸಬಾರದು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು, ಅದೇ ದಿನ ಚಿಕಿತ್ಸೆ ಬೇಕು.

ನಿಜಕ್ಕೂ ದೀರ್ಘ ಪ್ರಯಾಣದಲ್ಲಿ ಭಯಪಡಬೇಕಾದ ಸಂಗತಿ ಇನ್ನೊಂದಿದೆ, ಅದರ ಮಾತು ಕಡಿಮೆ: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಕ್ಯಾನ್ಸರ್ ಇದರ ಸಾಧ್ಯತೆ ಹೆಚ್ಚಿಸುತ್ತದೆ, ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಮಾತ್ರೆಯೂ ಹೆಚ್ಚಿಸುತ್ತದೆ. ಒಂದೇ ಕಾಲು ಊದಿ ನೋವು ಬಂದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೊರಡುವ ಮೊದಲು ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದರದ್ದೇ ಆಗಲಿ.

‘ಆ ಕೈ ಬಳಸಬೇಡಿ’ ಎಂಬ ಹಳೆಯ ಉಪದೇಶವೂ ವಿಮಾನದ ಭಯದ ಹಾಗೆಯೇ ಬಿದ್ದುಹೋಯಿತು. ವ್ಯಾಂಕೂವರ್‌ನ ಕ್ರೀಡಾವೈದ್ಯ ಡಾನ್ ಮೆಕೆಂಜಿ 1996ರಲ್ಲಿ ಚಿಕಿತ್ಸೆಯಾದ ಮಹಿಳೆಯರ ಕೈಗೇ ಹುಟ್ಟು ಕೊಟ್ಟು ದೋಣಿ ನಡೆಸಲು ಹಚ್ಚಿದರು. ಅಂಜಿದಂತೆ ಕೈಗಳು ಊದಲಿಲ್ಲ. ಕ್ರಮವಾಗಿ ಭಾರ ಎತ್ತುವುದರಿಂದ ಬಾವು ಹೆಚ್ಚುವುದಿಲ್ಲ ಎಂದು ಅಮೆರಿಕದ ಪ್ರಯೋಗವೊಂದು 2009ರಲ್ಲಿ ತೋರಿಸಿತು.

ಆಸ್ಪತ್ರೆಗಳು ಈಗ ಮಾಡಬೇಕಾದ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಶಸ್ತ್ರಚಿಕಿತ್ಸೆಗೆ ಮೊದಲೇ ಎರಡೂ ತೋಳುಗಳನ್ನು ಟೇಪಿನಿಂದ ಅಳೆದು ಕೇಸ್ ಶೀಟಿನಲ್ಲಿ ಬರೆಯಬೇಕು, ಪ್ರತಿ ಭೇಟಿಯಲ್ಲೂ ಮತ್ತೆ ಅಳೆಯಬೇಕು. ಮೊದಲ ಅಳತೆಯೇ ಇಲ್ಲದಿದ್ದರೆ ಬಾವು ಬಂದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ; ಆರಂಭದಲ್ಲೇ ಹಿಡಿದರೆ ಹತೋಟಿಯಲ್ಲಿಡುವುದು ಸುಲಭ. ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಲು ಒಬ್ಬ ಫಿಸಿಯೊಥೆರಪಿಸ್ಟ್ ಬೇಕು, ಸ್ಲೀವ್‌ನ ಖರ್ಚು ಸರ್ಕಾರಿ ಆರೋಗ್ಯ ಯೋಜನೆಗಳಲ್ಲಿ ಸೇರಬೇಕು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುವವರು ನಿಮ್ಮ ಮನೆಯಲ್ಲಿದ್ದರೆ, ಅಡ್ಮಿಟ್ ಆಗುವಾಗಲೇ ಕೇಳಿ: ಕೈಯ ಅಳತೆ ಬರೆದುಕೊಂಡಿರಾ?